ದುಂಬಿಗೆ ಒಂದು ಒಣಕೊಂಬೆ ಬಿಡಿ

ಬದನೆ ಹೂವು ಸುಲಭಕ್ಕೆ ಪರಾಗ ಬಿಟ್ಟುಕೊಡುವುದಿಲ್ಲ. ಅದರ ಹಳದಿ ಕೇಸರಗಳ ತುದಿಯಲ್ಲಿ ಸಣ್ಣ ರಂಧ್ರಗಳಷ್ಟೇ ಇರುತ್ತವೆ. ದುಂಬಿ ಬಂದು ಹೂವನ್ನು ಕಾಲುಗಳಲ್ಲಿ ಬಿಗಿಯಾಗಿ ಹಿಡಿದು, ಎದೆಯ ಸ್ನಾಯುಗಳನ್ನು ಕಂಪಿಸಿ ಗುಂಯ್‌ಗುಟ್ಟುತ್ತದೆ. ಪರಾಗ ಪುಡಿಯಾಗಿ ಅದರ ಮೈಮೇಲೆ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು.

ಯುರೋಪ್, ಅಮೆರಿಕಗಳಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಬಂಬಲ್ ಬೀ. ಭಾರತದಲ್ಲಿ ಅದರ ನೆಲೆ ಹಿಮಾಲಯದ ತಂಪು. ಬೆಂಗಳೂರಿನಲ್ಲಿ ಆ ಹೊಣೆ ಹೊತ್ತಿರುವುದು ಕಪ್ಪು ಮೈಯ, ನೀಲಿ ಮಿಂಚಿನ ರೆಕ್ಕೆಯ ದುಂಬಿ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಪುಟ್ಟ ಕಾಡುಜೇನು. ಅವರೆ, ತೊಗರಿ ಹೂಗಳ ಮೇಲೂ ದುಂಬಿಯ ಓಡಾಟ ಹೆಚ್ಚು.

ಅಮೆರಿಕದಲ್ಲಿ ಒಂದು ಕಾಲಕ್ಕೆ ಹೇರಳವಾಗಿ ಕಾಣುತ್ತಿದ್ದ, ಬೆನ್ನ ಮೇಲೆ ತುಕ್ಕುಬಣ್ಣದ ಮಚ್ಚೆಯಿರುವ ಬಂಬಲ್ ಬೀ 2017ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಫ್ರಾಂಕ್ಲಿನ್ ಬಂಬಲ್ ಬೀಯನ್ನಂತೂ 2006ರ ನಂತರ ಯಾರೂ ಕಂಡಿಲ್ಲ. ಕರ್ನಾಟಕವೂ ಪೆಟ್ಟು ತಿಂದಿದೆ: 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ತುಡುವೆ ಕುಟುಂಬಗಳನ್ನು ಸಾಮೂಹಿಕವಾಗಿ ಕೊಂದಿತು. ಪೆಟ್ಟಿಗೆಗಳು ಬರಿದಾದ್ದರಿಂದ ಕೃಷಿಕರಿಗೆ ಅದು ತಿಳಿಯಿತು. ಯಾರೂ ಸಾಕದ ದುಂಬಿ ಕಡಿಮೆಯಾದರೆ ಲೆಕ್ಕ ಇಡುವವರಿಲ್ಲ.

ಅದಕ್ಕೇ ಅದರ ಮನೆಯನ್ನಾದರೂ ಉಳಿಸಬೇಕು. ಹೆಣ್ಣು ದುಂಬಿ ಒಣಮರದಲ್ಲೋ ಬಿದಿರಿನಲ್ಲೋ ಸುರಂಗ ಕೊರೆದು, ಪುಟ್ಟ ಕೋಣೆಗಳನ್ನು ಮಾಡಿ, ಪ್ರತಿಯೊಂದರಲ್ಲೂ ಪರಾಗದ ಉಂಡೆಯಿಟ್ಟು ಒಂದೊಂದೇ ಮೊಟ್ಟೆ ಇಡುತ್ತದೆ. ಒಂದು ಕೊಂಬೆ ಸುಟ್ಟರೆ ಇಡೀ ಸಂತಾನ ಹೋಯಿತು. ನೀಲಿ ಪಟ್ಟೆಯ ಜೇನು ಗೂಡು ತೋಡುವುದು ಮಣ್ಣಿನಲ್ಲಿ. ಕೆಂಗೇರಿಗೆ ಹತ್ತಿರದ, ಸಾವಿರ ಎಕರೆಗೂ ಮಿಕ್ಕಿದ ಜ್ಞಾನಭಾರತಿ ಆವರಣದಲ್ಲಿ ಒಣಮರವೂ ಬರಿ ಮಣ್ಣೂ ಇನ್ನೂ ಸಿಗುತ್ತವೆ. ರಾಜಾಜಿನಗರ, ವಿಜಯನಗರದ ಬೀದಿಗಳಲ್ಲಿ ಕಾಂಕ್ರೀಟು ಮರದ ಬುಡಕ್ಕೇ ಬಂದು ನಿಂತಿದೆ.

ಈ ಬಡಾವಣೆಗಳ ನಿವಾಸಿಗಳಲ್ಲಿ ಕಳಕಳಿಯ ವಿನಂತಿ. ಯಾರ ತಲೆಯ ಮೇಲೂ ಬೀಳುವ ಭಯವಿಲ್ಲದ ಒಣಕೊಂಬೆಯನ್ನು ಹಾಗೇ ಬಿಡಿ. ಕಡಿಯಲೇಬೇಕಾದರೆ ತುಂಡನ್ನು ಪಾರ್ಕಿನ ಮೂಲೆಯಲ್ಲಿ ನಿಲ್ಲಿಸಿಡಿ, ಸುಡಬೇಡಿ. ಬಿಸಿಲು ಬೀಳುವ ಕಡೆ ಮೊರದಗಲ ಮಣ್ಣನ್ನು ಬರಿದಾಗಿರಿಸಿ. ತಾರಸಿಯ ಟೊಮೆಟೊ, ಬದನೆ ಹೂ ಬಿಟ್ಟಿರುವಾಗ ಕೀಟನಾಶಕ ಹೊಡೆಯಬೇಡಿ. ತುಳಸಿ, ಕಾಮಕಸ್ತೂರಿಯ ಹೂಗೊಂಚಲನ್ನು ಚಿವುಟದೆ ಕೆಲದಿನ ಬಿಡಿ. ದುಂಬಿ ಕಂಡರೆ ಹೆದರಿ ಔಷಧಿ ಹೊಡೆಸುವವರನ್ನು ಕರೆಯುವುದು ಬೇಡ: ಗಂಡಿಗೆ ಕೊಂಡಿಯೇ ಇಲ್ಲ, ಹೆಣ್ಣು ಹಿಡಿದರೆ ಮಾತ್ರ ಕುಟುಕುತ್ತದೆ. ನಿವಾಸಿಗಳ ಸಂಘಗಳು ಪಾರ್ಕು ನಿರ್ವಹಣೆಯ ಗುತ್ತಿಗೆದಾರರಿಗೆ ಈ ಮಾತುಗಳನ್ನು ಬರಹದಲ್ಲೇ ಕೊಡಲಿ, ಮರಗಳ ಬುಡದ ಕಾಂಕ್ರೀಟು ಒಡೆಸುವಂತೆ ಪಾಲಿಕೆಗೆ ಮನವಿ ಸಲ್ಲಿಸಲಿ. ಮುಂದಿನ ಮಳೆಗಾಲಕ್ಕೆ ಮುನ್ನ, ಕೊಂಬೆ ಕಡಿಯುವ ಕೆಲಸ ಶುರುವಾಗುವ ಮೊದಲೇ ಇದಾಗಬೇಕು.