ಬಟ್ಟೆಯ ಒಳಮೈ ತಿರುವಿ ನೋಡಿ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ನಮ್ಮಲ್ಲಿ ಹಳೆಯದು. ಉಣ್ಣುವುದು ನಮ್ಮ ನಾಲಿಗೆಗೆ. ಉಡುವುದು ಮಾತ್ರ ನಾಲ್ಕು ಜನರ ಕಣ್ಣಿಗೆ. ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳಿಗಂತೂ ಆ ನಾಲ್ಕು ಜನರೇ ಇಡೀ ಲೋಕ. ಆದ್ದರಿಂದಲೇ ಯುಗಾದಿ, ದೀಪಾವಳಿ ಹತ್ತಿರ ಬಂತೆಂದರೆ ಮನೆಮನೆಯಲ್ಲಿ ಬಟ್ಟೆಯ ಮಾತು, ಅದರ ಬೆನ್ನಿಗೇ ಒಂದು ಸಣ್ಣ ಜಗಳ. ಅಪ್ಪನಿಗೆ ಬೆಲೆಯ ಚಿಂತೆ, ಮಗಳಿಗೆ ಹೊಸ ಮಾದರಿಯ ಚಿಂತೆ. ಇವರಿಬ್ಬರ ನಡುವೆ ಇನ್ನೊಬ್ಬರಿದ್ದಾರೆ: ಆ ಬಟ್ಟೆಯನ್ನು ನೇಯ್ದವರು, ಹೊಲಿದವರು. ಅವರ ಮಾತನ್ನು ಯಾರೂ ಎತ್ತುವುದಿಲ್ಲ. ಈ ವಾರ ಅವರದೇ ಮಾತು.

ಈಗ ಶಾಲೆ ಕಾಲೇಜುಗಳಲ್ಲಿ 'ಎಥ್ನಿಕ್ ಡೇ' ಎಂಬ ಹಬ್ಬವೊಂದು ಸೇರಿಕೊಂಡಿದೆ. ಅಂದು ಹುಡುಗಿಯರು ಆಸೆಪಟ್ಟು ತೊಡುವ ವೇಷಗಳಲ್ಲಿ ಲಂಬಾಣಿ ಉಡುಪೂ ಒಂದು. ಬಾಡಿಗೆಗೆ ತಂದ ಪಾಲಿಯೆಸ್ಟರ್ ಲಂಗ, ಅದರ ಮೇಲೆ ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಬಿಲ್ಲೆಗಳು. ವೇದಿಕೆ ಹತ್ತಿದರೆ ಚಪ್ಪಾಳೆಯೋ ಚಪ್ಪಾಳೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ತಾಂಡಾಗಳಿಗೇನೂ ಬರವಿಲ್ಲ. ಅದೇ ತರಗತಿಯ ಬೆಂಚಿನ ಮೇಲೆ ತಾಂಡಾದ ಹುಡುಗಿಯೂ ಕುಳಿತಿರುತ್ತಾಳೆ. ಅವಳ ಅಜ್ಜಿಯ ಟ್ರಂಕಿನಲ್ಲಿ ಅಸಲಿ ಉಡುಪು ಇರುತ್ತದೆ. ಅದನ್ನು ತರಲು, 'ಇದು ನಮ್ಮ ಮನೆಯದು' ಎನ್ನಲು ಅವಳು ಅಳುಕುತ್ತಾಳೆ. ನಕಲಿಗೆ ಚಪ್ಪಾಳೆ, ಅಸಲಿಗೆ ಸಂಕೋಚ! ಇದು ನಾವು ಯೋಚಿಸಬೇಕಾದ ಸಂಗತಿಯಲ್ಲವೇ?

ಆ ಅಸಲಿ ಉಡುಪಿನ ಹಿಂದೆ ದೊಡ್ಡ ಕಥೆಯಿದೆ. ಲಂಬಾಣಿಗರ ಹಿರಿಯರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತಿದ ವ್ಯಾಪಾರಿಗಳು. ಬ್ರಿಟಿಷರ ಕಾಲದಲ್ಲಿ ರೈಲು, ರಸ್ತೆಗಳು ಬಂದು ಆ ವ್ಯಾಪಾರ ಮುರಿದುಬಿತ್ತು. ವ್ಯಾಪಾರ ಹೋದರೂ ಹೆಂಗಸರ ಕೈಯ ಸೂಜಿ ಉಳಿಯಿತು. ಬಟ್ಟೆಯ ತುಂಡುಗಳನ್ನು ಜೋಡಿಸಿ, ಕನ್ನಡಿ ಚೂರು, ಕವಡೆ, ನಾಣ್ಯ, ಗೊಂಡೆಗಳನ್ನು ಕೂರಿಸಿ ಮಾಡುವ ಈ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಗುರುತಿಸಿದ್ದಾರೆ. ಕಿಲಣ್, ವೇಲೆ, ಮಾಕಿ, ನಾಕ್ರಾ ಹೀಗೆ ಒಂದೊಂದಕ್ಕೂ ಒಂದೊಂದು ಹೆಸರು. ಇದನ್ನು ಕಲಿಸಿದ್ದು ಯಾವ ಕಾಲೇಜೂ ಅಲ್ಲ. ತಾಯಿಯ ಪಕ್ಕದಲ್ಲಿ ಕುಳಿತು ಮಗಳು ಕಲಿತದ್ದು.

ಕೂಡ್ಲಿಗಿಗೆ ಹೊಂದಿಕೊಂಡೇ ಇರುವ ಸಂಡೂರಿನಲ್ಲಿ ಈ ಕಲೆಗೆ ಒಂದು ನೆಲೆ ಸಿಕ್ಕಿತು. 1980ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಹೆಣ್ಣುಮಕ್ಕಳ ಕೈಗೆ ಕೆಲಸ ಕೊಟ್ಟು, ಕಸೂತಿಯನ್ನು ಚೀಲ, ಕುಪ್ಪಸ, ದಿಂಬಿನ ಹೊದಿಕೆಗಳಿಗೂ ಒಗ್ಗಿಸಿ ಪೇಟೆಗೆ ತಂದಿತು. 2010ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಸಂತೋಷವೇ. ಆದರೆ ದಾಖಲೆಯಿಂದ ಹೊಟ್ಟೆ ತುಂಬುವುದಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ತಾಂಡಾಗಳಿಂದ ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ ಕೂಲಿಗೆ ಗುಳೆ ಹೋಗುವವರನ್ನು ನೀವೂ ನೋಡಿದ್ದೀರಿ. ತಂದೆತಾಯಿ ಗುಳೆ ಹೋದರೆ ಮಕ್ಕಳ ಓದೂ ಅವರ ಗಂಟುಮೂಟೆಯ ಜೊತೆಗೇ ಹೊರಡುತ್ತದೆ. ಊರಲ್ಲೇ ಕುಳಿತು ಮಾಡುವ ಸೂಜಿಯ ಕೆಲಸಕ್ಕೆ ನ್ಯಾಯವಾದ ಕೂಲಿ ಹುಟ್ಟಿದರೆ ಒಬ್ಬ ತಾಯಿಯಾದರೂ ಮನೆಯಲ್ಲಿ ಉಳಿದಾಳು, ಒಂದು ಮಗುವಾದರೂ ಶಾಲೆಯಲ್ಲಿ ಉಳಿದೀತು.

ಆ ಕೂಲಿ ಎಷ್ಟಾಗಬೇಕು? ಒಂದು ಸಣ್ಣ ಲೆಕ್ಕ ಮಾಡೋಣ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಒಂದು ಬಗಲುಚೀಲದ ಕಸೂತಿಗೆ ನಾಲ್ಕು ದಿನ ಹಿಡಿಯಿತೆನ್ನಿ. ಕೂಲಿಯೇ 1,396 ರೂಪಾಯಿ ಆಯಿತು. ಬಟ್ಟೆ, ದಾರ, ಕನ್ನಡಿ, ಮಾರುವವರ ಖರ್ಚು ಬೇರೆ. ಅಂಥ ಚೀಲವೇ 300 ರೂಪಾಯಿಗೆ ಸಿಕ್ಕಿತೆಂದು ಬೀಗುವ ಮುನ್ನ ಯೋಚಿಸಿ. ಒಂದೋ ಅದು ಯಂತ್ರದ ಕೆಲಸ, ಇಲ್ಲವೇ ಯಾರದೋ ಮೂರು ದಿನದ ಕೂಲಿ ನಡುವೆ ಎಲ್ಲೋ ಮಾಯವಾಗಿದೆ. 'ಮನೆಯಲ್ಲಿ ಬಿಡುವಿನಲ್ಲಿ ಮಾಡಿದ್ದಲ್ಲವೇ, ಕಡಿಮೆ ಮಾಡಕ್ಕಾ' ಎಂದು ಚೌಕಾಸಿಗೆ ನಿಲ್ಲುವವರುಂಟು. ಹೊತ್ತು ಬಿಡುವಿನದಾದರೂ ಸವೆದ ಕಣ್ಣು ಬಿಡುವಿನದಲ್ಲ. ಗಾಜಿನ ಬಾಗಿಲ ಅಂಗಡಿಯಲ್ಲಿ ಚೀಟಿಯ ಬೆಲೆಯನ್ನು ಬಾಯಿ ಮುಚ್ಚಿ ಕೊಡುವ ನಾವು, ಜಾತ್ರೆಯಲ್ಲಿ ನೆಲದ ಮೇಲೆ ಕುಳಿತು ಮಾರುವವಳ ಎದುರಿಗೇ ಏಕೆ ಶೂರರಾಗಬೇಕು?

ಅಸಲಿಯನ್ನು ಗುರುತಿಸುವುದು ಹೇಗೆ? ಬಟ್ಟೆಯ ಒಳಮೈ ತಿರುವಿ ನೋಡಿ. ಕೈಕಸೂತಿಯಲ್ಲಿ ಹಿಂಬದಿಯ ಗಂಟು, ದಾರದ ತಿರುವು ಕಾಣುತ್ತವೆ. ಹೊಲಿಗೆಗಳು ಒಂದಕ್ಕೊಂದು ಚೂರು ಹೆಚ್ಚುಕಡಿಮೆ ಇರುತ್ತವೆ. ಯಂತ್ರದ್ದಾದರೆ ಎಲ್ಲವೂ ಒಂದೇ ಅಚ್ಚು. ಸಾಮಾನ್ಯವಾಗಿ ಹಿಂದೆ ಒಂದೇ ಬಣ್ಣದ ದಾರ, ಕೆಲವೊಮ್ಮೆ ಅಂಟಿಸಿದ ಕಾಗದದಂಥ ಪದರ. ಕನ್ನಡಿಯನ್ನು ಬೆರಳಿನಿಂದ ಮುಟ್ಟಿ: ಸುತ್ತ ದಾರದಿಂದ ಬಿಗಿದಿದ್ದರೆ ಕೈಕೆಲಸ, ಗೋಂದಿನಿಂದ ಅಂಟಿಸಿದ್ದರೆ ಎರಡು ಒಗೆತಕ್ಕೇ ಉದುರುವ ಮಾಲು. ಮಾರುವವರನ್ನು 'ಇದನ್ನು ಯಾರು ಮಾಡಿದರು, ಯಾವ ಊರಿನವರು?' ಎಂದು ಕೇಳಿ. ಉತ್ತರ ಬಲ್ಲವರ ಬಳಿ ಕೊಳ್ಳುವುದು ಲೇಸು.

'ಇಷ್ಟು ದುಡ್ಡು ಎಲ್ಲಿಂದ ತರೋಣ?' ಎಂದು ಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಲೆಯನ್ನು ತೊಟ್ಟ ಸಲಗಳಿಂದ ಭಾಗಿಸಿ ನೋಡಿ. 500 ರೂಪಾಯಿಯ ಅಂಗಿ ಐದು ಸಲಕ್ಕೆ ಬಣ್ಣ ಬಿಟ್ಟರೆ ಸಲಕ್ಕೆ 100 ರೂಪಾಯಿ. 1,500 ರೂಪಾಯಿಯ ಕೈಮಗ್ಗದ ಅಂಗಿ ಐವತ್ತು ಸಲ ಬಂದರೆ ಸಲಕ್ಕೆ 30. ಯಾವುದು ಅಗ್ಗ? ಈ ಲೆಕ್ಕ ನಮ್ಮ ಹಿರಿಯರಿಗೆ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯಗಳು ಕರಿ ಕಂಬಳಿ ತೊಟ್ಟಿರುವುದನ್ನು ಕಂಡಿದ್ದೀರಿ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ನೆಂಟರಿಗೆ ಹಾಸು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತಿತ್ತು. ಹರಿದ ಸೀರೆಗಳನ್ನು ಅವ್ವಂದಿರು ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಿದ್ದರು. ಇದ್ದದ್ದನ್ನು ಬಾಳಿಸುವುದೇ ಮೊದಲ ಜಾಣತನ. ಹೊಸದು ಕೊಳ್ಳುವುದು ಆಮೇಲೆ.

ಹಾಗಾದರೆ ಮಾಡಬೇಕಾದ್ದೇನು? ವರ್ಷಕ್ಕೆ ಕೊಳ್ಳುವ ಆರು ಜೊತೆ ಬಟ್ಟೆಯಲ್ಲಿ ಎರಡನ್ನು ಬಿಟ್ಟು, ಆ ಹಣದಲ್ಲಿ ಕೈಯಿಂದ ಮಾಡಿದ್ದೊಂದನ್ನು ಕೊಳ್ಳಿ. ಅದೂ ಆಗದಿದ್ದರೆ ಚೌಕಾಸಿಯನ್ನಾದರೂ ಬಿಡಿ. ವಿದ್ಯಾರ್ಥಿ ಮಿತ್ರರೇ, ಮುಂದಿನ ಎಥ್ನಿಕ್ ಡೇಗೆ ಬಾಡಿಗೆಯ ನಕಲಿ ಲಂಗ ತರುವ ಬದಲು ಆ ಬಾಡಿಗೆಯನ್ನು ಹತ್ತಿರದ ತಾಂಡಾದ ಅಕ್ಕನಿಗೆ ಕೊಟ್ಟು ಅಸಲಿಯನ್ನು ಕೇಳಿ ತನ್ನಿ, ಜೋಪಾನವಾಗಿ ಹಿಂದಿರುಗಿಸಿ. ಅಧ್ಯಾಪಕರು ಮನಸ್ಸು ಮಾಡಿದರೆ ಅಂದು ಆಕೆಯನ್ನೇ ಕರೆಸಿ, ಗೌರವಧನ ಕೊಟ್ಟು, ಒಂದು ತಾಸು ಸೂಜಿಯ ಪಾಠ ಹೇಳಿಸಬಹುದು.

ಅಂದು ವೇದಿಕೆಯ ಮೇಲೆ ಗುರುವಾಗಿ ನಿಂತವಳು ಯಾವಳೋ ವಿದ್ಯಾರ್ಥಿನಿಯ ತಾಯಿಯೇ ಆಗಿರಬಹುದು. ಆ ಮಗಳು ತಲೆಯೆತ್ತಿ 'ನಮ್ಮ ಅವ್ವ' ಎಂದಳೆಂದರೆ ನೀವು ಕೊಟ್ಟ ಬೆಲೆ ಸಾರ್ಥಕ.