ಎರಡು ಬಾಗಿಲ ನಡುವೆ

ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿ ದುಡಿಮೆ ಪಾಳಿಯಂತೆ ನಡೆಯುತ್ತದೆ. ಮನೆಯ ಕದ ಹೊತ್ತುಗೊತ್ತಿಲ್ಲದೆ ತೆರೆಯುತ್ತದೆ. ಶಾಶ್ವತವಾದ ಮನೆ ದೊರೆಯುವವರೆಗೆ ಸಾಕಲೆಂದು ತಂದ ನಾಯಿಗೆ ಆ ಒಂದು ಕ್ಷಣವೇ ಸಾಕು. ಅದು ಮುಧೋಳದ ತಳಿಯದಾದರಂತೂ ತೀರಿತು! 2005ರಲ್ಲಿ ಅಂಚೆಚೀಟಿಯ ಮೇಲೆ ಮೆರೆದ ಆ ಬೇಟೆನಾಯಿಯನ್ನು ಬೆನ್ನಟ್ಟಿ ಹಿಡಿಯುವ ಕಾಲು ಯಾರಿಗಿದೆ?

ಓಡಿದ ನಾಯಿಯನ್ನು ಕೃತಘ್ನವೆಂದು ಹಳಿಯುವುದು ತರವಲ್ಲ. ಅದಕ್ಕೆ ಇದಿನ್ನೂ ತನ್ನ ಮನೆಯಲ್ಲ. ಆದುದರಿಂದ ಮೊದಲ ಕೆಲವು ವಾರ ಬೀದಿಗೂ ಅದಕ್ಕೂ ನಡುವೆ ಎರಡು ಬಾಗಿಲಿರಲಿ. ಒಂದನ್ನು ತೆರೆಯುವ ಮುನ್ನ ಇನ್ನೊಂದು ಮುಚ್ಚಿರಲಿ. ಈ ನಿಯಮವನ್ನು ಮನೆಯ ಮಕ್ಕಳೂ ಅರಿತಿರಬೇಕು. ಮುಧೋಳದ ನಾಯಿಯ ತಲೆ ಕಿರಿದು. ಕೊರಳಪಟ್ಟಿ ಸಲೀಸಾಗಿ ಕಳಚೀತು. ಎದೆಯನ್ನೂ ಬಳಸುವ ಪಟ್ಟಿಯೇ ಲೇಸು. ಗಿಡ್ಡ ಗೋಡೆಯ ಬದಿಗೆ ಹತ್ತಲು ಆಸರೆಯಾಗುವ ಪೆಟ್ಟಿಗೆಗಳಿರಬಾರದು. ಅಂಗಳದಲ್ಲಿ ಒಂಟಿಯಾಗಿ ಬಿಡಲೂಬಾರದು. ಕೊರಳಲ್ಲಿ ದೂರವಾಣಿ ಸಂಖ್ಯೆಯ ಬಿಲ್ಲೆ ಇರಲಿ.

ಇಷ್ಟಾದರೂ ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗದೆ, ಕುಳಿತು ಮೆಲ್ಲಗೆ ಹೆಸರು ಹಿಡಿದು ಕರೆಯಬೇಕು. ಮರಳಿ ಬಂದಾಗ ಹೊಡೆಯಬಾರದು. ಏಟು ತಿಂದ ಬಾಗಿಲಿಗೆ ಯಾವ ಜೀವ ತಾನೇ ಮತ್ತೆ ಬಂದೀತು?