ಮಾತ್ರೆ ಬಿಡುವ ಮುನ್ನ

ದಸರೆಗೆಂದು ಮಂಗಳೂರಿನ ಕುದ್ರೋಳಿಗೆ ಹೋದಾಗ ಅಲ್ಲಿನ ನಮ್ಮ ಬಂಧುಗಳಾದ ಹಿರಿಯರೊಬ್ಬರನ್ನು ಕಂಡೆವು. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಅವರಿಗೆ ನಾಲ್ಕು ತಿಂಗಳಾಗಿತ್ತು. ಹಲ್ಲು ಕೀಳಿಸುವ ಸಲುವಾಗಿ ತಾವಾಗಿಯೇ ಮಾತ್ರೆಗಳನ್ನು ನಿಲ್ಲಿಸಲು ಹೊರಟಿದ್ದರು. "ರಕ್ತ ತೆಳುವಾಗಿದೆ, ಸುರಿಯತೊಡಗಿದರೆ ನಿಲ್ಲುವುದೇ?" ಎಂಬುದು ಅವರ ಅಂಜಿಕೆ.

ರಕ್ತ ತೆಳುವಾಗಿಸುವ ಮಾತ್ರೆ ಎಂಬ ರೂಢಿಯ ಹೆಸರೇ ದಾರಿ ತಪ್ಪಿಸುವಂತಹುದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳು ರಕ್ತವನ್ನು ನೀರಾಗಿಸುವುದಿಲ್ಲ. ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಸ್ಟೆಂಟ್ ಎಂಬುದು ಲೋಹದ ಜಾಲರಿ. ರಕ್ತನಾಳದ ಒಳಪೊರೆ ಬೆಳೆದು ಅದನ್ನು ಮುಚ್ಚಲು ತಿಂಗಳುಗಳೇ ಬೇಕು. ಅದಕ್ಕೆ ಮುನ್ನ ಮಾತ್ರೆ ಬಿಟ್ಟರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬಂದೀತು. ಆದುದರಿಂದಲೇ ಹೃದಯಾಘಾತವಾದವರಿಗೆ ಎರಡೂ ಮಾತ್ರೆಗಳನ್ನು ಸಾಮಾನ್ಯವಾಗಿ 12 ತಿಂಗಳು, ಆಘಾತವಿಲ್ಲದೆ ಸ್ಟೆಂಟ್ ಪಡೆದವರಿಗೆ 6 ತಿಂಗಳು ಕೊಡುವರು. ಬಳಿಕ ಒಂದನ್ನು ಬಹುಕಾಲ ಮುಂದುವರಿಸುವರು. ರಕ್ತಸ್ರಾವದ ಭಯವುಳ್ಳವರಿಗೆ ವೈದ್ಯರೇ ಅವಧಿಯನ್ನು ತಗ್ಗಿಸುವುದುಂಟು.

ನಮ್ಮ ಹಿರಿಯರು ಹೃದಯವೈದ್ಯರನ್ನು ಕೇಳಿದರು. ಮಾತ್ರೆ ಬಿಡದೆಯೇ ಹಲ್ಲು ಕೀಳಿಸಿಕೊಂಡರು. ವಸಡಿನ ರಕ್ತ ಬಟ್ಟೆ ಒತ್ತಿ ಹಿಡಿದಾಗ ನಿಂತಿತು. ಹೃದಯದ ನಾಳದಲ್ಲಿ ಕಟ್ಟಿದ ಹೆಪ್ಪನ್ನು ಹಾಗೆ ಮನೆಯಲ್ಲಿ ಬಿಡಿಸಲಾಗದು.

ಬಂಧುಗಳೇ, ಮಲ ಕಪ್ಪಾದರೆ, ರಕ್ತವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿರಿ. ಆದರೆ ಮಾತ್ರೆ ನಿಲ್ಲಿಸುವ ಮಾತು ವೈದ್ಯರ ಬಾಯಿಂದಲೇ ಬರಲಿ.